ತಣ್ಣಗಾಗುವಾಗ ಬಳಿಯಿದ್ದವರು

"ಟೀಚರಮ್ಮಾ, ನಾನು ಕೆಡಿಸಿಲ್ಲ. ನಾಳೆಯಿಂದ ಬರಬೇಡ ಅಂದ್ಬಿಟ್ರು," ಎಂದ ಕೂಲರ್ ಮೆಕ್ಯಾನಿಕ್, ಎದೆಯ ಮೇಲಿನ ಹೆಸರಿನ ಬಿಲ್ಲೆ ಕಿತ್ತು ನಮ್ಮ ಕಬ್ಬಿಣದ ಬೀರುವಿಗೆ ಬಡಿದ. ಅದು ಅಲ್ಲೇ ಅಂಟಿಕೊಂಡಿತು.

ಪ್ರಯೋಗಾಲಯದ ವಸತಿಗೃಹದಲ್ಲಿ ಯಾರು ಸುಳ್ಳು ಹೇಳಿದರೂ ದೂರು ಬರುತ್ತಿದ್ದುದು ನನ್ನ ಚಿಕ್ಕಮ್ಮನ ಬಳಿಗೆ. ಭೌತಶಾಸ್ತ್ರ ಕಲಿಸಿ ನಿವೃತ್ತಳಾಗಿದ್ದಳು. ನಾಲಿಗೆ ಮಾತ್ರ ಸೇವೆಯಲ್ಲೇ ಇತ್ತು.

ಅಂದು ಹಣ ಕೊಡುವವರೆದುರು ಸೂಪರ್‌ಕಂಡಕ್ಟರ್ ಚಿಪ್ಪಿನ ಪ್ರದರ್ಶನವಿತ್ತು. ಕೂಲರಿನ ಹೀಲಿಯಂ ಚಳಿಯಲ್ಲಿ ಅದರೊಳಗೆ ವಿದ್ಯುತ್ತಿಗೆ ತಡೆಯೇ ಇಲ್ಲ. ಸಿಲಿಕಾನ್ ಚಿಪ್ಪಿನಂತೆ ಬಿಸಿಯಾಗದೆ ಲೆಕ್ಕ ಮಾಡಬೇಕಿತ್ತು. ಲೆಕ್ಕ ತಪ್ಪಿತು. ಬಂದವರು ಚಹಾ ಮುಗಿಸದೆ ಎದ್ದರು.

"ತಪ್ಪು ನಿನ್ನ ಮೇಲ್ಯಾಕೆ?" ಚಿಕ್ಕಮ್ಮ ಕೇಳಿದಳು.

"ಬೆಳಿಗ್ಗೆ ಕೂಲರ್ ಪಕ್ಕ ಸ್ಪ್ಯಾನರ್ ಹಿಡ್ಕೊಂಡಿದ್ದೆ. ಅದರ ಕಾಂತಶಕ್ತಿಗೆ ಚಿಪ್ ಕೆಟ್ಟಿತು ಅಂತಾರೆ ನಿರ್ದೇಶಕಿ ಮೇಡಂ."

"ಚಿಪ್ ತಣ್ಣಗಾಗಿದ್ದು?"

"ಹಿಂದಿನ ದಿನ. ಅಮ್ಮ ಆಸ್ಪತ್ರೇಲಿದ್ರು, ನಾನು ರಜೆ. ಮೇಡಂ ಇದ್ರು. ಫೋಟೋದವನೂ ಬಂದಿದ್ದನಂತೆ."

ಚಿಕ್ಕಮ್ಮ ಪ್ರಯೋಗಾಲಯದವರ ಬಳಿ ಹಟ ಹಿಡಿದು ಚಿಪ್ಪನ್ನು ಬೆಚ್ಚಗಾಗಿಸಿ, ಹತ್ತಿರ ಯಾರೂ ಸುಳಿಯದಂತೆ ಮತ್ತೆ ತಣಿಸುವಂತೆ ಮಾಡಿದಳು. ಲೆಕ್ಕ ಸರಿಬಂತು. ಆಗ ಎಲ್ಲರನ್ನೂ ಕೂಲರ್ ಕೋಣೆಗೆ ಕರೆಸಿದಳು. ನಿರ್ದೇಶಕಿಯ ಕೋಟಿನ ಮೇಲೂ ಅಂಥದೇ ಹೆಸರಿನ ಬಿಲ್ಲೆಯಿತ್ತು, ಸೇಫ್ಟಿ ಪಿನ್ನಿನಿಂದ ಚುಚ್ಚಿದ್ದು.

"ಗಾರೆ ಹಸಿ ಇರುವಾಗ ತುಳಿದರೆ ಹೆಜ್ಜೆ ಉಳಿಯುತ್ತೆ, ಒಣಗಿದ ಮೇಲೆ ಕುಣಿದರೂ ಉಳಿಯಲ್ಲ," ಎಂದಳು ಚಿಕ್ಕಮ್ಮ. "ಈ ಚಿಪ್ಪೂ ಹಾಗೇ. ತಣ್ಣಗಾಗುವಾಗ ಪಕ್ಕದಲ್ಲಿದ್ದ ಕಾಂತಶಕ್ತಿಯನ್ನ ಒಳಗೇ ಕಟ್ಟಿಹಾಕುತ್ತೆ. ತಣ್ಣಗಾದ ಮೇಲೆ ಬಂದಿದ್ದನ್ನ ಹೊರಗೇ ತಳ್ಳುತ್ತೆ. ಸ್ಪ್ಯಾನರ್ ಬಂದಿದ್ದು ಆಮೇಲೆ."

"ಹಾಗಾದ್ರೆ ನಾನಾ?" ಫೋಟೋದವನು ಬೆದರಿದ. "ನಾನು ಬಾಗಿಲು ದಾಟಿಲ್ಲಮ್ಮ!"

"ನಿನ್ನ ಫೋಟೋನೇ ಹೇಳುತ್ತಲ್ಲಪ್ಪ." ಬಾಗಿಲಿನಾಚೆಯಿಂದ ತೆಗೆದ ಆ ಚಿತ್ರವನ್ನು ಅವಳು ಎತ್ತಿ ಹಿಡಿದಳು. ಹೊರಕವಚ ತೆಗೆದ, ಇನ್ನೂ ತಣ್ಣಗಾಗುತ್ತಿದ್ದ ಕೂಲರಿಗೆ ಎದೆಯೊತ್ತಿ ನಿರ್ದೇಶಕಿ ನಗುತ್ತಿದ್ದರು. ಎದೆಯ ಮೇಲೆ ಬಿಲ್ಲೆ, ಪಿನ್ನಿಲ್ಲ. ಚಿಕ್ಕಮ್ಮ ಅವರತ್ತ ತಿರುಗಿದಳು. "ಗಡಿಯಾರ, ಬೀಗದಕೈ ಹೊರಗಿಟ್ಟು ಬರೋ ಕಟ್ಟಳೆ ಮಾಡಿದ್ದು ನೀವೇ. ಹೊಸ ಬಿಲ್ಲೆಯ ಹಿಂದೆ ಅಯಸ್ಕಾಂತ ಇರೋದು ಮರೆತ್ರಿ. ಮರೆವು ಯಾರಿಗಿಲ್ಲ? ಆದರೆ ಗೊತ್ತಾದ ಮೇಲೆ ಅಯಸ್ಕಾಂತ ಕಿತ್ತು ಪಿನ್ ಹಾಕಿದ್ರಲ್ಲ, ಆಮೇಲೂ ಇವನನ್ನ ಮನೆಗೆ ಕಳಿಸಿದ್ರಿ."

"ಇಡೀ ಬದುಕು ಇದಕ್ಕೇ ಹಾಕಿದೀನಿ," ಎಂದರು ನಿರ್ದೇಶಕಿ. "ನಾನೇ ಕೆಡಿಸಿದೆ ಅಂದ್ರೆ ಮತ್ತೆ ಯಾರು ನಂಬ್ತಾರೆ?"

"ಈಗ ನಂಬಿದ್ರಾ?"

ಹಣ ಆಗಲೇ ಸಿಲಿಕಾನ್ ಚಿಪ್ಪು ಮಾಡುವವರ ಪಾಲಾಗಿತ್ತು.

"ನಾಳೆಯಿಂದ ಬರ್ತಾನಾ, ಕೇಳಿ," ಎಂದರು ನಿರ್ದೇಶಕಿ, ಚಿಕ್ಕಮ್ಮನ ಕಡೆ ತಿರುಗಿ. ಮೆಕ್ಯಾನಿಕ್ ಅವರ ಮಗ್ಗುಲಲ್ಲೇ ನಿಂತಿದ್ದ.

"ಬರ್ತೀನಿ ಮೇಡಂ," ಎಂದ ಅವನು. "ಅಮ್ಮನ ಔಷಧಿ ನಿಲ್ಲಿಸಕ್ಕಾಗಲ್ಲ."