ನ್ಯೂಟ್ರಲ್‌ನಲ್ಲಿ ಇಳಿದ ಗಾಡಿ

ರೊಟ್ಟಿ ಬಡಿಯುತ್ತಿದ್ದೆ. ಹೊರಗೆ ಹಾರ್ನ್ ಕೇಳಿಸಿತು.

ಕೈ ನಿಂತಿತು.

ಮೈದುನ ಗಾಳೇಶ. ಪಿಕಪ್ ತುಂಬ ಗ್ರಾನೈಟ್ ಚಪ್ಪಡಿ. ಹೊರಟಿದ್ದು ಕುಷ್ಟಗಿಯಿಂದ ಗಂಗಾವತಿಗೆ. ಅಲ್ಲಿಯ ಆಸ್ಪತ್ರೆಯಲ್ಲೇ ನನ್ನ ಗಂಡ ದೇವೇಂದ್ರಪ್ಪ ಮಲಗಿದ್ದಾರೆ. ಅಣ್ಣನನ್ನು ನೋಡಿ ಬರೋಣ, ಹತ್ತಿ ಎಂದ.

ಹೋದ ತಿಂಗಳು ಅಣ್ಣತಮ್ಮ ಇಬ್ಬರೂ ಇದ್ದ ಗಾಡಿ ಗುಡ್ಡದ ಇಳಿಜಾರಿನಲ್ಲಿ ಮಗುಚಿತು. ಎದುರು ಬಂದ ಬೈಕಿನವ ಸತ್ತ. ಅಣ್ಣನೇ ನಡೆಸುತ್ತಿದ್ದ, ಬ್ರೇಕ್ ಹೋಯಿತು ಎಂದು ಗಾಳೇಶ ಪೊಲೀಸರಿಗೆ ಹೇಳಿದ. ತಲೆಗೆ ಪೆಟ್ಟು ಬಿದ್ದ ನನ್ನ ಗಂಡನಿಗೆ ಏನೂ ನೆನಪಿಲ್ಲ. ಎದ್ದು ಓಡಾಡುವಂತಾದರೆ ನೇರ ಜೈಲು.

ಆದರೆ ಗಾಡಿ ಎತ್ತಿದ ಕ್ರೇನಿನ ಮಕ್ಬುಲಸಾಬ ಒಂದು ಮಾತು ಹೇಳಿದ್ದ. ಗೇರ್ ನ್ಯೂಟ್ರಲ್‌ನಲ್ಲಿತ್ತಂತೆ.

ನನ್ನ ಗಂಡ ಗುಡ್ಡ ಹತ್ತುವ ಗೇರಿನಲ್ಲೇ ಇಳಿಯುವವರು. ನ್ಯೂಟ್ರಲ್ ಮಾಡಿದವರೇ ಅಲ್ಲ.

ಹಾಗಾದರೆ ನಡೆಸಿದವರು ಯಾರು?

ಕೇಳಿದರೆ ಮನೆ ಒಡೆಯುತ್ತದೆ. ನಾನು ಕೇಳಿರಲಿಲ್ಲ. ಮಗಳು ರೇಣು ಅದನ್ನು ಕೇಳಲು ಬಾಯಿ ತೆರೆದಾಗಲೆಲ್ಲ ಮೆಲ್ಲಗೆ ಅವಳ ಕೈ ಅದುಮುತ್ತಿದ್ದೆ. ಗಾಳೇಶ ಗುಡ್ಡ ಹೇಗೆ ಇಳಿಸುತ್ತಾನೆಂದು ಕಣ್ಣಾರೆ ನೋಡೋಣ ಎಂದು ಗಾಡಿ ಹತ್ತಿದೆ. ಬೇಡವೆಂದರೂ ರೇಣುವೂ ಹತ್ತಿದಳು. ಅಪ್ಪನನ್ನು ನೋಡಲೇಬೇಕಂತೆ.

ದಾರಿಯುದ್ದಕ್ಕೂ ಗಾಳೇಶ, ಗಾಡಿ ರಿಪೇರಿ ಮಾಡಿಸುವಾಗ ಹಾಕಿಸಿದ ಹೊಸ ಎಕ್ಸಾಸ್ಟ್ ಬ್ರೇಕ್ ಹೊಗಳಿದ. ಸ್ವಿಚ್ ಒತ್ತಿದರೆ ಸಾಕು, ಹೊಗೆಕೊಳವೆ ಬಿಗಿದುಕೊಂಡು ಇಂಜಿನ್ನೇ ಗಾಡಿಯನ್ನು ಹಿಡಿಯುತ್ತದಂತೆ.

"ಅಂಜಬ್ಯಾಡ್ರಿ ವೈನಿ. ಇನ್ನ ಮ್ಯಾಲೆ ಗುಡ್ಡ ಅನ್ನೂದು ಲೆಕ್ಕಕ್ಕಿಲ್ಲ."

ಇಳಿಜಾರು ಬಂತು.

ಸ್ವಿಚ್ ಒತ್ತಿದ. ಆಮೇಲೆ ಅವನ ಎಡಗೈ ತಾನಾಗಿ ಗೇರಿನ ಮೇಲೆ ಹೋಯಿತು...

ನ್ಯೂಟ್ರಲ್.

ಡೀಸೆಲ್ ಉಳಿಸಲು ನಮ್ಮ ಕಡೆಯ ಡ್ರೈವರುಗಳು ಮಾಡುವ ಕೆಲಸ. ಗೇರೇ ಇಲ್ಲದಿದ್ದರೆ ಇಂಜಿನ್ ಏನನ್ನು ಹಿಡಿದೀತು? ಹಿಂದಿನ ಕಲ್ಲಿನ ಭಾರ ನಮ್ಮನ್ನು ದಬ್ಬಿತು. ಬ್ರೇಕ್ ತುಳಿದ. ಮತ್ತೆ ಮತ್ತೆ ತುಳಿದ. ಸುಟ್ಟ ವಾಸನೆ. ಪೆಡಲ್ ತಳಕ್ಕೆ ಅಂಟಿತು.

ಮುಂದೆ ತಿರುವು. ಅದರಾಚೆ ಹಳ್ಳ.

ರೇಣುವನ್ನು ಎದೆಗೆ ಅವುಚಿಕೊಂಡೆ. ಅವಳ ಎದೆಬಡಿತ ನನ್ನ ಅಂಗೈಯಲ್ಲಿತ್ತು.

"ಗೇರ್ ಹಾಕು."

"ಬೀಳವಲ್ದು ವೈನಿ..."

"ಅಕ್ಸಿಲೇಟರ್ ಒತ್ತಿ ಹಾಕು. ನಿಮ್ಮಣ್ಣ ಹಾಕೂದು ನೋಡಿಲ್ಲೇನು?"

ಇಂಜಿನ್ ಕಿರುಚಿತು. ಗೇರು ಕರಕರ ಹಲ್ಲು ಕಡಿಯಿತು. ಬಿತ್ತು... ಮೂರನೆಯದು!

ಆಗ ಹಿಡಿಯಿತು ಆ ಹೊಸ ಬ್ರೇಕ್. ಹೊಟ್ಟೆಯೊಳಗಿನಿಂದ ಗುರುಗುಟ್ಟಿ ಗಾಡಿ ಹಿಂದಕ್ಕೆ ಜಗ್ಗಿತು. ನಮ್ಮ ತಲೆಗಳು ಮುಂದಕ್ಕೆ ಬಾಗಿದವು. ಗಾಳೇಶ ಎರಡನೆಯದಕ್ಕೆ ಇಳಿಸಿದ. ತಿರುವಿನ ಅಂಚಿನ ಮೊರಂ ಮಣ್ಣಿನ ಗುಡ್ಡೆಗೆ ಮೂತಿ ತಾಗಿಸಿ ಗಾಡಿ ನಿಂತಿತು.

ಗಾಳೇಶ ಸ್ಟೇರಿಂಗಿಗೆ ಹಣೆ ಹಚ್ಚಿ ಅಳತೊಡಗಿದ.

"ಕೈಗೆ ರೂಢಿ ಆಗೇತ್ರಿ ವೈನಿ. ಇಳಕಲ ಬಂತಂದ್ರ ತಾನ ನ್ಯೂಟ್ರಲ್‌ಗೆ ಹೋಗ್ತೈತಿ."

"ಯಾವಾಗ್ಲೂ?"

"ಯಾವಾಗ್ಲೂ."

ಹೇಳಿದ ಮೇಲೆ ಅವನಿಗೇ ಹೊಳೆಯಿತು.

ನಾನು ಎಂದಿನಂತೆ ರೇಣುವಿನ ಕೈ ಅದುಮಲು ಹೋದೆ. ಅವಳು ಕೈ ಬಿಡಿಸಿಕೊಂಡು ಅವನ ಕಡೆ ತಿರುಗಿದಳು.

"ಕಾಕಾ, ಅವತ್ತೂ ಗಾಡಿ ನಡಸಾಕತ್ತಿದ್ದವ ನೀನ ಏನು?"