ಮಾಲೆ ತೆಗೆಯದ ಗಂಡ

ಸಿದ್ದಮ್ಮನ ಕೈ ಮಗನ ಕೊರಳಿನವರೆಗೆ ಹೋಗಿತ್ತು. ಇನ್ನೇನು ತುಳಸಿಮಣಿಯ ಮಾಲೆ ತಲೆಯ ಮೇಲಿಂದ ಈಚೆ ಬರಬೇಕು... ಅಷ್ಟರಲ್ಲಿ ಮನೋಹರ ತಾಯಿಯ ಕೈ ಹಿಡಿದುಕೊಂಡ.

"ಬ್ಯಾಡ ಕಣವ್ವ. ಇರ್ಲಿ."

ಹೊಸಿಲ ಒಳಗೆ ಆರತಿ ತಟ್ಟೆ ಹಿಡಿದು ನಿಂತಿದ್ದ ಪ್ರತಿಮಾ ಏನೂ ಅರ್ಥವಾಗದೆ ಗಂಡನ ಮುಖ ನೋಡಿದಳು. ಶಬರಿಮಲೆಯಿಂದ ಆಗತಾನೇ ಬಂದಿಳಿದವನು. ಗಡ್ಡ ಬೆಳೆದಿತ್ತು. ಕಪ್ಪು ಪಂಚೆ ಧೂಳಾಗಿತ್ತು. ಕಣ್ಣುಗಳು ಮಾತ್ರ ತಿಳಿಯಾಗಿದ್ದವು. ಆ ಕಣ್ಣುಗಳು ಒಮ್ಮೆ ಅವಳ ಕಡೆ ತಿರುಗಿ, ಅಷ್ಟೇ ಬೇಗ ನೆಲಕ್ಕಿಳಿದವು.

ತಟ್ಟೆಯಲ್ಲಿ ಕರ್ಪೂರ ಉರಿದು ಮುಗಿಯಿತು. ಅವಳು ಅದೇ ತಟ್ಟೆ ಹಿಡಿದುಕೊಂಡು ನಿಂತೇ ಇದ್ದಳು.

ಸಾತನೂರಿನಿಂದ ಒಳಕ್ಕಿರುವ ಆ ಊರಿನಲ್ಲಿ ಯಾತ್ರೆ ಮುಗಿಸಿ ಬಂದವರು ತಾಯಿಯ ಕೈಯಲ್ಲಿ ಮಾಲೆ ತೆಗೆಸಿ, ಕಾಯಿ ಒಡೆದು, ಮತ್ತೆ ಸಂಸಾರಿಗಳಾಗುವುದು ಪದ್ಧತಿ. ಮಾಲೆ ಇರುವಷ್ಟು ದಿನ ಅವನು ಗಂಡನಲ್ಲ, ಸ್ವಾಮಿ. ಬರಿಗಾಲು, ತಣ್ಣೀರು, ಬೇರೆ ಚಾಪೆ. ಕಟ್ಟಿಕೊಂಡವಳೂ ಸ್ವಾಮಿ ಅಂತಲೇ ಕರೆಯಬೇಕು. ಮುಟ್ಟುವ ಹಾಗಿಲ್ಲ. ಮತ್ತೆ, ಮಾಲೆ ಹಾಕಿದವನು ಕುಡಿಯುವ ಹಾಗಿಲ್ಲ.

ಕುಡುಕರಿರುವ ಮನೆಯಲ್ಲಿ ಆ ಕೊನೆಯ ಮಾತೊಂದೇ ಲೆಕ್ಕಕ್ಕೆ ಬರುವುದು.

ಮದುವೆಯಾದಾಗಿನಿಂದ ಪ್ರತಿಮಾಗೆ ಸಿಕ್ಕಿದ್ದು ಇಬ್ಬರು ಗಂಡಂದಿರು. ಒಬ್ಬ ವರ್ಷವೆಲ್ಲ ಕುಡಿಯುವವನು. ಹಾರೋಹಳ್ಳಿ ಕಂಪನಿಯಲ್ಲಿ ಕೆಲಸ ಬಿಟ್ಟವನು ದಾರಿಯಲ್ಲೇ ಮುಗಿಸಿಕೊಂಡು, ಮನೆಗೆ ಬರುವಷ್ಟರಲ್ಲಿ ನಾಲಗೆ ಹೊರಳದೆ, ಬಡಿಸಿದ ತಟ್ಟೆಯನ್ನು ಗೋಡೆಗೆ ಎಸೆಯುವವನು. ಇನ್ನೊಬ್ಬ ಚಳಿಗಾಲದಲ್ಲಿ ಬರುವ ಸ್ವಾಮಿ. ಮೆಲ್ಲಗೆ ಮಾತಾಡುವವನು, ಬಾವಿಯಿಂದ ನೀರು ಸೇದಿ ಕೊಡುವವನು. ಮೊದಲನೆಯವನನ್ನು ಮುಟ್ಟಲು ಅವಳಿಗೆ ಮನಸ್ಸಿರಲಿಲ್ಲ. ಎರಡನೆಯವನನ್ನು ಮುಟ್ಟಲು ಅಪ್ಪಣೆ ಇರಲಿಲ್ಲ.

ಹಿಂದೆಲ್ಲ ಮಾಲೆ ತೆಗೆದ ಸಂಜೆಯೇ ಅವನು ಕುಡಿದಿದ್ದ. ಒಂದು ವರ್ಷ ಸರ್ಕಾರ ಸಾರಾಯಿ ನಿಲ್ಲಿಸಿದಾಗ ಊರ ಹೆಂಗಸರು ಸಕ್ಕರೆ ಹಂಚಿದ್ದರು. ಅವಳೂ ಒಂದು ಹಿಡಿ ಹಂಚಿದ್ದಳು. ಆಗಿದ್ದಾದರೂ ಏನು? ಸಾರಾಯಿ ಪ್ಯಾಕೆಟ್ಟು ಹೋಯಿತು, ಕ್ವಾರ್ಟರ್ ಬಾಟಲಿ ಬಂತು.

ಆದ್ದರಿಂದ ಗಂಡ ಮಾಲೆ ತೆಗೆಯುವುದಿಲ್ಲ ಎಂದಾಗ ಮೊದಲು ಅವಳಿಗೆ ಸಮಾಧಾನವೇ ಆಯಿತು. ಇನ್ನೂ ಒಂದಷ್ಟು ದಿನ ತಟ್ಟೆಗಳು ಗೋಡೆಗೆ ಹೋಗುವುದಿಲ್ಲ. ಇರಲಿ ಬಿಡು...

ಸಂಕ್ರಾಂತಿಯ ಎಳ್ಳು ಮುಗಿಯಿತು. ಶಿವರಾತ್ರಿ ಬಂತು, ಹೋಯಿತು. ಮಾಲೆ ಕೊರಳಲ್ಲೇ ಇತ್ತು.

ಊರಿನವರು ಅವನನ್ನು ಕಂಡರೆ ಎದ್ದು ನಿಲ್ಲತೊಡಗಿದರು. ಕುಡಿದು ಚರಂಡಿಯಲ್ಲಿ ಬಿದ್ದಿದ್ದವನಿಗೆ ಕೈ ಮುಗಿಯುವವರು ಹುಟ್ಟಿಕೊಂಡರು. ಬೆಳಗಿನ ಬಸ್ಸಿನಲ್ಲಿ ಅವಳು ಕನಕಪುರದ ಗಾರ್ಮೆಂಟ್ಸಿಗೆ, ಅವನು ಹಾರೋಹಳ್ಳಿಗೆ. ಒಂದೇ ಬಸ್ಸು. ಕಂಡಕ್ಟರು ಸ್ವಾಮಿಯನ್ನು ಮುಂದಿನ ಸೀಟಿಗೆ ಕರೆದು ಕೂರಿಸುತ್ತಿದ್ದ. ಅವಳು ಹಿಂದೆ ಕಂಬಿ ಹಿಡಿದು ನಿಂತು, ದಾರಿಯುದ್ದಕ್ಕೂ ಗಂಡನ ಕತ್ತಿನ ಹಿಂಭಾಗವನ್ನೇ ನೋಡಿಕೊಂಡು ಹೋಗುತ್ತಿದ್ದಳು.

'ಇವರಿಗೆ ನಾನು ಬೇಡವಾದೆನಾ? ಸನ್ಯಾಸಿ ಆಗೋ ಆಸೆ ಇದ್ದವರು ನನಗ್ಯಾಕೆ ತಾಳಿ ಕಟ್ಟಿದ್ರು?'

ತಿಂಗಳ ಮುಟ್ಟು ಬಂದಾಗ ಸ್ವಾಮಿ ಇರುವ ಮನೆಯಲ್ಲಿ ಅವಳು ಇರಬಾರದು. ಚಾಪೆ ಸುತ್ತಿಕೊಂಡು ಪಕ್ಕದ ಯಲ್ಲಮ್ಮನ ಮನೆಗೆ ಹೋಗಬೇಕು. ಗಂಡ ಕುಡಿದು ಬಂದು ಬಾಗಿಲು ಹಾಕಿಕೊಂಡಾಗಲೂ ಅವಳು ಹೋಗುತ್ತಿದ್ದುದು ಅಲ್ಲಿಗೇ. ಯಲ್ಲಮ್ಮನ ಬಾಯಿಗೆ ಬೀಗವಿಲ್ಲ.

"ಕುಡೀವಾಗ್ಲೂ ನನ್ ಜಗಲಿ, ಸ್ವಾಮಿ ಆದ್ಮೇಲೂ ನನ್ ಜಗಲಿ. ನಿನ್ ಹಣೇಲಿ ಬ್ರಹ್ಮ ನನ್ ಜಗಲೀನೇ ಬರ್ದವ್ನೇನೇ?"

ಪ್ರತಿಮಾ ನಕ್ಕಳು. ನಗುತ್ತಾ ನಗುತ್ತಾ ಸೆರಗು ಬಾಯಿಗೆ ಒತ್ತಿಕೊಂಡಳು.

ಒಂದು ದಿನ ಧೈರ್ಯ ಮಾಡಿ ಅತ್ತೆಯ ಹತ್ತಿರ ಕೇಳಿದಳು, ಯಾವಾಗ ಮಾಲೆ ತೆಗೆಸುತ್ತೀರಿ ಎಂದು. ರಾಗಿ ಕೇರುತ್ತಿದ್ದ ಸಿದ್ದಮ್ಮ ಮೊರ ಕೆಳಗಿಟ್ಟಳು. ಗಂಡನನ್ನು ಇದೇ ಕುಡಿತಕ್ಕೆ ಕಳೆದುಕೊಂಡವಳು ಅವಳು.

"ನಿಂಗೆ ಗಂಡ ಬೇಕು. ನಂಗೆ ಮಗ ಉಸಿರಾಡ್ಕಂಡಿದ್ರೆ ಸಾಕು. ಮಾಲೆ ಸುದ್ದಿ ಎತ್ತಬ್ಯಾಡ."

ಕೇಳಿದವಳೂ ಸರಿ, ಬೇಡ ಎಂದವಳೂ ಸರಿ. ಇಬ್ಬರ ನಡುವೆ ಪ್ರತಿಮಾಳ ಬಾಳು ಹೊರಬರಲು ಬಾಗಿಲಿಲ್ಲದ ಮನೆಯಂತಾಯಿತು.

ಸುದ್ದಿ ಕೋಡಿಹಳ್ಳಿಯ ತವರಿಗೂ ಮುಟ್ಟಿತು. ಅಣ್ಣ ಲೋಕೇಶ ಬಂದು ಭಾವನ ಎದುರಿಗೇ ಹೇಳಿ ಹೋದ. ತಂಗಿ ತಾಳಿ ಇಟ್ಟುಕೊಂಡು ವಿಧವೆ ಹಾಗೆ ಇರುವುದು ಬೇಡ. ಯುಗಾದಿಯ ಮಾರನೇ ದಿನ, ಹೊಸತೊಡಕಿಗೆ ಬರುತ್ತೇನೆ. ಅಷ್ಟರೊಳಗೆ ಇವಳ ಗಂಡನಾಗಿ ಇರುವುದಾದರೆ ಸರಿ, ಇಲ್ಲದಿದ್ದರೆ ಕರೆದುಕೊಂಡು ಹೋಗುತ್ತೇನೆ ಎಂದ. ಮನೋಹರ ತಲೆ ಎತ್ತಲಿಲ್ಲ. ಇರು ಎಂದೂ ಅನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ.

ಆ ಮೌನ ಅವಳನ್ನು ತಟ್ಟೆ ಎಸೆತಕ್ಕಿಂತ ಜೋರಾಗಿ ಹೊಡೆಯಿತು. ಅಂದೇ ಅವಳು ತನ್ನ ಸೀರೆಗಳನ್ನು ಒಂದು ಕಡೆ ಜೋಡಿಸಿಟ್ಟಳು.

ಯುಗಾದಿಗೆ ಒಂದು ವಾರ ಇತ್ತು. ಭಾನುವಾರ ಮಧ್ಯಾಹ್ನ ಪ್ರತಿಮಾ ಹಿತ್ತಲಿನಿಂದ ಬಂದಳು. ನಡುಮನೆಯ ಸಿಮೆಂಟು ನೆಲದ ಮೇಲೆ ಕೆಂಪು ಹೆಜ್ಜೆಗಳು. ಅರ್ಧರ್ಧ ಹೆಜ್ಜೆ, ಬಲಗಾಲಿನದು ಮಾತ್ರ.

ಬಚ್ಚಲಲ್ಲಿ ಮನೋಹರ ಗೋಡೆಗೆ ಒರಗಿ ಕೂತು ಪಾದ ಹಿಡಿದುಕೊಂಡಿದ್ದ. ಅವನದು ಕಬ್ಬಿಣ ಕೊರೆಯುವ ಕಂಪನಿ. ನೆಲದ ತುಂಬ ಕಬ್ಬಿಣದ ಚೂರು. ಶಬರಿಮಲೆಗೆ ಹೋಗುವ ತಿಂಗಳುಗಳಲ್ಲಿ ಬರಿಗಾಲಿಗೆ ಯಾರೂ ಏನೂ ಅನ್ನುತ್ತಿರಲಿಲ್ಲ. ಅದು ಮುಗಿದ ಮೇಲೆ ಬೂಟು ಹಾಕು, ಇಲ್ಲವೇ ಕೆಲಸ ಬಿಡು ಅಂತ ಸೂಪರ್‌ವೈಸರು ಗದರುತ್ತಲೇ ಇದ್ದನಂತೆ. ಇವನು ಇವತ್ತು ನಾಳೆ ಅನ್ನುತ್ತಾ, ಪಾದಕ್ಕೆ ಚೂರು ಹೊಕ್ಕರೂ ಯಾರಿಗೂ ಹೇಳದೆ ಎರಡು ದಿನ ಕುಂಟಿದ್ದ.

ಅವಳು ಸೀರೆಯ ಪಿನ್ನು ಬಿಚ್ಚಿ, ದೀಪಕ್ಕೆ ಹಿಡಿದು ಕಾಯಿಸಿ, ಅವನ ಮುಂದೆ ಕೂತಳು.

"ಮುಟ್ಬ್ಯಾಡ," ಎಂದ.

"ಸ್ವಾಮೀನ ಮುಟ್ತಿಲ್ಲ. ಗಾಯಾನ ಮುಟ್ತಾ ಇವ್ನಿ."

ಪಾದವನ್ನು ಮಡಿಲಿಗೆ ಎಳೆದುಕೊಂಡಳು. ಎಷ್ಟು ತಿಂಗಳಾಗಿತ್ತು ಅವನ ಮೈ ಮುಟ್ಟಿ! ಹಿಮ್ಮಡಿ ಬಿರಿದು ಮರದ ತೊಗಟೆಯ ಹಾಗಾಗಿತ್ತು. ಅವನು ಹಲ್ಲು ಕಚ್ಚಿಕೊಂಡ. ಚೂರು ಈಚೆ ಬಂತು. ಬಂದ ಮೇಲೂ ಅವಳು ಪಾದ ಬಿಡಲಿಲ್ಲ, ಅವನೂ ಎಳೆದುಕೊಳ್ಳಲಿಲ್ಲ.

"ನಾನು ಹೋಯ್ತಾ ಇವ್ನಿ," ಅವಳು ತಲೆ ಬಗ್ಗಿಸಿಕೊಂಡೇ ಹೇಳಿದಳು. "ಹೋಗಕ್ ಮುಂಚೆ ಒಂದ್ ಮಾತು ಕೇಳ್ಬೇಕು. ನನ್ ಕಂಡ್ರೆ ನಿಂಗೆ ಹೇಸಿಗೆನಾ?"

ಸ್ವಾಮಿಗೆ ಏಕವಚನದಲ್ಲಿ ನಿಂಗೆ ಎಂದಿದ್ದಳು. ಅವಳಿಗೇ ಗೊತ್ತಾಗಲಿಲ್ಲ.

ಮನೋಹರ ಮಾಲೆಯ ಮಣಿಯೊಂದನ್ನು ಬೆರಳಲ್ಲಿ ಹೊರಳಿಸಿದ.

"ಹೋದ್ವರ್ಸ ಮಾಲೆ ತಗ್ದ ದಿನ ಕುಡ್ಕಂಡ್ ಬಂದು ಬಿದ್ದಿದ್ನಲ್ಲ, ನೀನು ನನ್ನ ಎಳ್ಕಂಡೋಗಿ ಮಲಗ್ಸಿ ಒಂದು ಮಾತು ಅಂದೆ. ಮಾಲೇಲಿದ್ರೇನೇ ನೀನು ಮನ್ಸ, ಇಲ್ದಿದ್ರೆ ಹೆಣ ಅಂದೆ."

ಅವಳಿಗೆ ಆ ಮಾತಿನ ನೆನಪೇ ಇರಲಿಲ್ಲ. ಸಿಟ್ಟಿನಲ್ಲಿ ಆಡಿದ್ದು ಎಷ್ಟೋ. ಅದರಲ್ಲಿ ಇದೊಂದು. ಆಡಿದವಳು ಮರೆತಿದ್ದಳು. ಕುಡಿದು ಬಿದ್ದಿದ್ದವನು ಅದನ್ನು ಎದೆಯಲ್ಲಿಟ್ಟುಕೊಂಡಿದ್ದ.

"ನಿಜಾನೇ ಅಂದಿದ್ದೆ ಕಣೇ. ಇದು ಕತ್ತಲ್ಲಿ ಇರೋಗಂಟ ನಾನು ಮನ್ಸ. ಬಿಚ್ಚಿದ್ರೆ ಕಾಲು ತಾನಾಗೇ ಅಂಗಡಿ ಕಡೀಕೆ ಓಯ್ತದೆ. ದಿನಾ ವೈನ್‌ಸ್ಟೋರ್ ಮುಂದೆ ಬರ್ಬೇಕಾದ್ರೆ ಮಾಲೆ ಗಟ್ಟಿಯಾಗಿ ಹಿಡ್ಕಂಡು ಬತ್ತೀನಿ. ಭಕ್ತಿ ಅನ್ಕತಾರೆ ಎಲ್ಲಾರೂ. ಬಯ ಕಣೇ... ಬರೀ ಬಯ."

"ನಮ್ಮಣ್ಣನ ಮುಂದೆ ಯಾಕೆ ಬಾಯ್ ಬುಡ್ಲಿಲ್ಲ?"

"ಇರು ಅನ್ನಕ್ಕೆ ಯಾವ ಮುಖ ಇತ್ತು?"

ಪ್ರತಿಮಾ ಗಾಯ ಒರೆಸಿದಳು. ಇಷ್ಟು ದಿನ ತಾನೊಬ್ಬಳೇ ಸಿಕ್ಕಿಬಿದ್ದಿದ್ದೇನೆ ಅಂದುಕೊಂಡಿದ್ದಳು. ಇಲ್ಲಿ ನೋಡಿದರೆ ಇವನು ತನಗಿಂತ ಒಳಗಿನ ಕೋಣೆಯಲ್ಲಿ ಕೂತಿದ್ದ.

"ನೋಡು," ಎಂದಳು. "ಕುಡಿದ್ರೆ ಹೋಯ್ತೀನಿ. ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಬಯ ಆಯ್ತದೆ ಅಂತ ಬಂದು ಹೇಳುದ್ರೆ ಹೋಗಾಕಿಲ್ಲ. ಮಾಲೆ ಜೊತೆ ಸಂಸಾರ ಮಾಡಕ್ ನನ್ ಕೈಲಿ ಆಗಲ್ಲ."

ಮರುದಿನ ಗಾಯಕ್ಕೆ ಇಂಜೆಕ್ಷನ್ ಕೊಡಿಸಲು ಅವಳೇ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿ ಮಾಲೆಯ ವಿಷಯವನ್ನೂ ಮುಚ್ಚಿಡದೆ ಹೇಳಿದಳು. ಡಾಕ್ಟರು ನಗಲಿಲ್ಲ, ಬೈಯಲಿಲ್ಲ. ಕುಡಿತ ಒಂದು ಕಾಯಿಲೆ, ಮಾಲೆ ಅದನ್ನು ತಡೆದು ನಿಲ್ಲಿಸಿದೆ, ವಾಸಿ ಮಾಡಿಲ್ಲ ಎಂದರು. ರಾಮನಗರದ ಆಸ್ಪತ್ರೆಯಲ್ಲಿ ಇದಕ್ಕೇ ಅಂತ ಡಾಕ್ಟರಿದ್ದಾರೆ, ಕುಡಿತ ಬಿಟ್ಟವರು ವಾರಕ್ಕೊಮ್ಮೆ ಅಲ್ಲಿ ಕೂತು ಮಾತಾಡುತ್ತಾರೆ, ಹೋಗಿ ಎಂದರು. ಆ ವಾರವೇ ಇಬ್ಬರೂ ಹೋದರು. ತನ್ನ ಹಾಗೆಯೇ ಹೆದರಿದ ಇಷ್ಟೊಂದು ಗಂಡಸರು ಒಂದು ಕೋಣೆಯಲ್ಲಿರಬಹುದೆಂದು ಮನೋಹರ ಎಣಿಸಿರಲಿಲ್ಲ.

ಉಳಿದಿದ್ದು ಮಾಲೆ. ಅದನ್ನು ತೆಗೆಸಲು ಗುರುಸ್ವಾಮಿ ದಾಸಪ್ಪನನ್ನು ಕರೆಸಿದರು. ಊರಿನವರನ್ನು ಪ್ರತಿವರ್ಷ ಬೆಟ್ಟಕ್ಕೆ ಕರೆದೊಯ್ಯುವ ಮುದುಕ. ಮಾಲೆಯವರನ್ನು ಏಕವಚನದಲ್ಲಿ ಮಾತಾಡಿಸುವಂತಿಲ್ಲ. ಹಾಗಂತ ಅವನ ಸಿಟ್ಟೇನೂ ಕಮ್ಮಿಯಲ್ಲ.

"ಏನ್ ಸ್ವಾಮಿ, ಅಯ್ಯಪ್ಪ ನಿಮ್ಮನ್ನ ಕರ್ದಿದ್ದು ಬೆಟ್ಟಕ್ಕೆ. ನೀವು ಓಗಿ ಅವನ ಬೆನ್ನಿಂದೆ ಬಚ್ಚಿಟ್ಕಂಡ್ರಾ ಸ್ವಾಮಿ? ನಾಚ್ಕೆ ಆಗಲ್ವಾ ಸ್ವಾಮಿ?"

ಸಿದ್ದಮ್ಮ ಮಾಲೆಗೆ ಕೈ ಹಾಕಿದಳು. ಕೈ ಮುಂದಕ್ಕೆ ಹೋಗಲಿಲ್ಲ. ತಾನೇ ಮಗನನ್ನು ಸಾವಿಗೆ ಬಿಟ್ಟುಕೊಡುತ್ತಿದ್ದೇನೆ ಎನ್ನುವಂತೆ ಬಿಕ್ಕಿದಳು. ಮನೋಹರ ತಾಯಿಯ ಮುಂದೆ ಇನ್ನಷ್ಟು ಬಗ್ಗಿದ.

"ತಗಿ ಕಣವ್ವ. ಇವ್ಳಿಗೆ ಎಲ್ಲಾ ಹೇಳಿವ್ನಿ."

ಮಾಲೆ ಈಚೆ ಬಂತು. ಕಾಯಿ ಒಡೆಯಿತು. ಆ ಸಂಜೆ ಪ್ರತಿಮಾ ಬಾಗಿಲಲ್ಲೇ ಕೂತಿದ್ದಳು. ಅವನು ಅವಳ ಪಕ್ಕದಲ್ಲೇ, ಮಂಡಿ ಹಿಡಿದುಕೊಂಡು ಕೂತಿದ್ದ. ಆ ಸಂಜೆ ಕಳೆಯಿತು. ಯುಗಾದಿಯೂ ಕಳೆಯಿತು.

ಆದರೆ ಹೊಸತೊಡಕು ಬೇರೆ. ಆ ಸೀಮೆಯಲ್ಲಿ ಆ ದಿನ ಕುರಿಮರಿ ಕಡಿದು, ಮಾಂಸವನ್ನು ಪಾಲಿಗೊಂದು ಗುಡ್ಡೆ ಹಾಕಿ ಬಾಡು ಹಂಚುತ್ತಾರೆ. ಬಾಡು ಬೇಯುವ ಮೊದಲೇ ಗಂಡಸರು ಕುಡಿಯುತ್ತಾರೆ. ಕುಡಿಯದವನನ್ನು ಗಂಡಸರ ಸಾಲಿಗೆ ಸೇರಿಸುವುದಿಲ್ಲ.

ಬೆಳಿಗ್ಗೆಯೇ ಕಂಪನಿಯ ಗೆಳೆಯರು ಬಂದರು. ಒಬ್ಬನ ಕೈಯಲ್ಲಿ ಮುತ್ತುಗದೆಲೆಯಲ್ಲಿ ಕಟ್ಟಿದ ಬಾಡು, ಇನ್ನೊಬ್ಬನ ಸೊಂಟದಲ್ಲಿ ಬಾಟಲಿ. ವ್ರತ ಮುಗೀತಲ್ಲ, ಬಾರ್ಲಾ, ಒಂದೇ ಒಂದು ಅಂತ ಕರೆದರು. ಮನೋಹರ ಎದ್ದ. ಅವನ ಕೈ ಬರಿದಾದ ಕೊರಳಿಗೆ ಹೋಯಿತು. ಅಲ್ಲಿ ಹಿಡಿದುಕೊಳ್ಳಲು ಏನೂ ಇರಲಿಲ್ಲ.

ಒಲೆಯ ಮುಂದಿದ್ದ ಪ್ರತಿಮಾ ಮಸಾಲೆ ಹುರಿಯುತ್ತಿದ್ದ ಸೌಟು ನಿಲ್ಲಿಸಿದಳು. ಎದ್ದು ಹೋಗಿ ತಡೆಯಲಿಲ್ಲ. ಇದನ್ನು ಅವನೇ ದಾಟಬೇಕು.

ಅವನು ಗೆಳೆಯರ ಎದುರಿಗೇ, ಒಳಕ್ಕೆ ತಿರುಗಿ ಹೇಳಿದ.

"ಪ್ರತಿಮಾ... ಬಯ ಆಯ್ತಾ ಐತೆ ಕಣೇ."

ಹೊರಗೆ ಯಾರೋ ನಕ್ಕರು. ಮತ್ಯಾರೋ ನಗಬೇಡ ಸುಮ್ನಿರ್ಲಾ ಅಂದರು. ಬಾಡಿನ ಪೊಟ್ಟಣ ಜಗಲಿಯ ಮೇಲಿಟ್ಟು ಅವರು ಹೊರಟು ಹೋದರು. ಮನೋಹರ ನಡುಗುತ್ತಾ ಒಳಗೆ ಬಂದು ಒರಳಿನ ಮುಂದೆ ಕೂತ. ಅವಳು ಹುರಿದ ಮಸಾಲೆ ಸುರಿದಳು. ಅವನು ರುಬ್ಬುವ ಗುಂಡು ಹಿಡಿದ.

ಸ್ವಲ್ಪ ಹೊತ್ತಿಗೆ ಲೋಕೇಶ ಬಂದ. ಭಾವ ಬೆವರು ಸುರಿಸಿಕೊಂಡು ಖಾರ ಅರೆಯುತ್ತಿರುವುದನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟ. ಊಟ ಮಾಡಿಕೊಂಡು ಹೋಗು, ನಾನು ಬರುವುದಿಲ್ಲ ಎಂದಳು ಪ್ರತಿಮಾ. ಅವನು ಇಬ್ಬರ ಮುಖವನ್ನೂ ನೋಡಿ, ಕೈಕಾಲು ತೊಳೆಯಲು ಹಿತ್ತಲಿಗೆ ಹೋದ.

"ಕೈ ಇನ್ನೂ ನಡುಗ್ತಾ ಐತೆ ಕಣೇ," ಎಂದ ಮನೋಹರ.

"ನಡುಗ್ಲಿ. ಬೇಗ ನುಣ್ಣಗಾಯ್ತದೆ."

ಅವಳು ಎದುರಿಗೆ ಕೂತು, ತಿರುಗುವ ಗುಂಡಿನ ಅಂಚಿನಲ್ಲಿ ಬೆರಳು ಹಾಕಿ ಮಸಾಲೆಯನ್ನು ಒಳಕ್ಕೆ ತಳ್ಳಿದಳು. ಅವನು ಥಟ್ಟನೆ ನಿಲ್ಲಿಸಿದ.

"ಬೆರಳು ತಗಿ. ನನ್ ಕೈ ನಂಬಬ್ಯಾಡ ಇವತ್ತು."

"ತಿರುಗ್ಸು."

"ಜಜ್ಜೋದ್ರೆ?"

"ಒಸಿ ನಿಧಾನಕ್ಕೆ ತಿರುಗ್ಸು, ಅಷ್ಟೇಯಾ," ಎಂದಳು ಪ್ರತಿಮಾ. ಬೆರಳು ತೆಗೆಯಲಿಲ್ಲ.