ಕಿಲ್‌ಬ್ರಾಹದ ಇಬ್ಬರು

ಡೆನ್ನಿ ಹ್ಯಾನ್ರಹನ್ ತನ್ನ ಕೋಣೆಯ ನೆಲದ ಮೇಲೆ ಅಂಗಾತ ಬಿದ್ದಿದ್ದ. ತಲೆ ಒಡೆದಿತ್ತು. ಪಕ್ಕದಲ್ಲಿ ಒಲೆ ಕೆದಕುವ ಸಲಾಕೆ. ಕಿಟಕಿ ಪೂರ್ತಿ ತೆರೆದಿತ್ತು. ಮಿಸಿಸಿಪ್ಪಿ ನದಿಯೇ ಹೆಪ್ಪುಗಟ್ಟಿದ್ದ ಫೆಬ್ರವರಿ ಅದು. ಹಾಸಿಗೆಯ ಮೇಲೆಲ್ಲ ಹಿಮ ಬಿದ್ದಿತ್ತು.

ನಾನು ಮ್ಯಾಟ್ ಟೂಹಿ. ಸೇಂಟ್ ಲೂಯಿಸ್ ಪೊಲೀಸಿನಲ್ಲಿ ಪತ್ತೇದಾರ. ಆವತ್ತು ಮಾತ್ರ ಕೆಲಸದ ಮೇಲೆ ಹೋದವನಲ್ಲ. ಡೆನ್ನಿ ಅಮೆರಿಕದ ಅಂತರ್ಯುದ್ಧದಲ್ಲಿ ನಮ್ಮ ತುಕಡಿಯ ಸಾರ್ಜೆಂಟ್ ಆಗಿದ್ದವನು. ಈಗ ಎದೆರೋಗ ಹಿಡಿದು ಕೆಮ್ಮುತ್ತಾ ಮೂಲೆ ಸೇರಿದ್ದ. "ಬೆಳಿಗ್ಗೆ ಬಾ, ನಿಮ್ಮಣ್ಣನ ವಿಷಯ ಹೇಳೋದಿದೆ" ಅಂತ ಅವನೇ ಹೇಳಿ ಕಳಿಸಿದ್ದ.

ಮನೆಯೊಡತಿ ಗ್ಯಾರಿಟಿಯಮ್ಮ ಬಾಗಿಲಲ್ಲಿ ನಿಂತು ಎದೆ ಬಡಿದುಕೊಳ್ಳುತ್ತಿದ್ದಳು.

"ರಾತ್ರಿ ಯಾರಾದ್ರೂ ಬಂದಿದ್ರಾ?"

"ನಂಗೇನ್ ಗೊತ್ತಪ್ಪಾ? ನಾನು ಸಂಜೆಯಿಂದ ತಂಗಿ ಮನೇಲಿದ್ದೆ. ಈಗ ಬಂದು ನೋಡಿದ್ರೆ ಹಿಂಗೆ."

ಸುತ್ತ ನೋಡಿದೆ. ಡೆನ್ನಿಯ ಕಣ್ಣು ಮುಚ್ಚಿತ್ತು. ಕೈಗಳು ಎದೆಯ ಮೇಲಿದ್ದವು. ಗೋಡೆಯ ಕನ್ನಡಿಗೆ ಅವನ ಹಳೇ ಸೈನ್ಯದ ಕೋಟು ಹೊದಿಸಿತ್ತು. ಮೂಲೆಯಲ್ಲಿ ಇದ್ದಿಲು ಬುಟ್ಟಿ ಕವುಚಿ, ಮೇಲೊಂದು ಬೂಟು ಹೇರಿತ್ತು. ಒಳಗಿಂದ ಅವನ ಬೆಕ್ಕು ಮಿಯಾಂವ್ ಅನ್ನುತ್ತಿತ್ತು. ಅದು ಅಲ್ಲೇ ಇರಲಿ ಅಂತ ಬಿಟ್ಟೆ. ಹೆಣ ಇರುವ ಮನೆಯಲ್ಲಿ ಬೆಕ್ಕಿಗೆ ಅದೇ ಸರಿಯಾದ ಜಾಗ. ಗ್ಯಾರಿಟಿಯಮ್ಮನಿಗೆ ಎಂಥ ಗಾಬರಿಯಲ್ಲೂ ಶಾಸ್ತ್ರ ಮರೆತಿಲ್ಲ ಅಂದುಕೊಂಡೆ.

ನಮ್ಮ ಮೇಲಧಿಕಾರಿ ಕ್ರೌಸ್ ಸಾಹೇಬ ಬಂದ. ಜರ್ಮನ್ ಆಸಾಮಿ. ಕಿಟಕಿ ನೋಡಿದ್ದೇ ಅವನ ಮುಖ ಅರಳಿತು.

"ಲೆಮ್ ಪರ್ಡಿ!"

ಪರ್ಡಿ ಕಿಟಕಿಯಿಂದ ನುಗ್ಗುವ ಕಳ್ಳ. ಎದುರು ಓಣಿಯಲ್ಲೇ ಬಿಡಾರ. ಹಿಂದಿನ ವಾರವಷ್ಟೇ ಡೆನ್ನಿ ಅವನ ಮುಖಕ್ಕೆ ಬಿಯರ್ ಎರಚಿದ್ದನ್ನು ನಮ್ಮ ಐರಿಷ್ ಕೇರಿ ಕೆರ್ರಿ ಪ್ಯಾಚ್ ಇಡೀ ನೋಡಿತ್ತು. ನಮ್ಮ ಕೇರಿಯಲ್ಲಿ ಇದ್ದ ಒಬ್ಬನೇ ಯಾಂಕಿ, ಇಲ್ಲೇ ಹುಟ್ಟಿದ ಅಮೆರಿಕದವನು ಬೇರೆ.

"ಹೊರಗೆ ಹೆಜ್ಜೆ ಗುರುತಿಲ್ಲ ಸಾಹೇಬ್ರೇ."

"ರಾತ್ರಿಯೆಲ್ಲ ಹಿಮ ಬಿದ್ದಿದೆ. ಗುರುತು ಎಲ್ಲಿರುತ್ತೆ? ಹೋಗಿ ಎಳ್ಕೊಂಡು ಬಾ."

ಎಳೆದುಕೊಂಡು ಬಂದೆ. ಪರ್ಡಿ ದಾರಿಯುದ್ದಕ್ಕೂ ಅಳುತ್ತಿದ್ದ. "ಕದ್ದಿದೀನಿ ಟೂಹಿ, ಒಪ್ಕೋತೀನಿ. ನಿಮ್ಮನೆ ಒಲೆ ಮೇಲಿನ ಪಾತ್ರೆನೂ ಕದ್ದಿದೀನಿ. ಆದ್ರೆ ಒಂದು ಕೋಳಿ ಕುತ್ತಿಗೇನೂ ಮುರಿದೋನಲ್ಲ ಕಣಯ್ಯಾ. ನೇಣಿಗೆ ಹಾಕ್ತಾರಾ?"

ಹಾಕುತ್ತಾರೆ ಅಂತ ಇಬ್ಬರಿಗೂ ಗೊತ್ತಿತ್ತು.

* * *

ಸುದ್ದಿ ಮುಟ್ಟಿದ ಕೂಡಲೇ ಕರ್ನಲ್ ಆಂಬ್ರೋಸ್ ಕ್ವಿಲನ್ ಠಾಣೆಗೆ ಬಂದರು.

ಕರ್ನಲ್ ಅಂದರೆ ನಮ್ಮ ಕೇರಿಗೆ ದೇವರಿಗಿಂತ ಒಂದೇ ಮೆಟ್ಟಿಲು ಕೆಳಗೆ. ಐರ್ಲೆಂಡಿನ ಬರಗಾಲದಲ್ಲಿ ಹಡಗು ಹತ್ತಿ ಬಂದವರು. ಬಂದರಿನಲ್ಲಿ ಮೂಟೆ ಹೊತ್ತರು. ಯುದ್ಧಕ್ಕೆ ಹೋಗಿ ಕರ್ನಲ್ ಆದರು. ತಾವೇ ಓದಿ ವಕೀಲರಾಗಿ, ರೈಲು ಹಳಿ ಹಾಕುವ ನಮ್ಮವರ ಪರ ಪುಕ್ಕಟೆ ವಾದಿಸಿದರು. ಆಮೇಲೆ ಪೆರು ದೇಶಕ್ಕೆ ಅಮೆರಿಕದ ರಾಯಭಾರಿ. ಈಗ ಪೋರ್ಚುಗಲ್‌ಗೆ ನೇಮಕವಾಗಿತ್ತು. ಮುಂದಿನ ವಾರ ಹೊರಡುವವರಿದ್ದರು.

ನನಗಂತೂ ಅವರು ಇನ್ನೂ ಹೆಚ್ಚು. ನಾವಿಬ್ಬರೂ ಒಂದೇ ಊರಿನವರು, ಐರ್ಲೆಂಡಿನ ಕ್ಲೇರ್ ಸೀಮೆಯ ಕಿಲ್‌ಬ್ರಾಹ. ನನ್ನ ಅಣ್ಣ ಹ್ಯೂ ಯುದ್ಧದಲ್ಲಿ ಕಾವಲು ಬಿಟ್ಟು ಓಡಿದ. ಆ ಸಂದಿಯಲ್ಲಿ ಶತ್ರುಗಳು ನುಗ್ಗಿ ನಮ್ಮ ಹುಡುಗರನ್ನು ಕೊಂದರು. ನಮ್ಮವರೇ ಅಣ್ಣನನ್ನು ನಿಲ್ಲಿಸಿ ಗುಂಡು ಹಾರಿಸಿದರು. ನಾನಾಗ ಆಸ್ಪತ್ರೆಯಲ್ಲಿದ್ದೆ. ಆ ಅವಮಾನ ಕೇರಿಗೆ ಗೊತ್ತಾಗದ ಹಾಗೆ ಮುಚ್ಚಿಟ್ಟವರು, ಪೊಲೀಸ್ ಕೆಲಸ ಕೊಡಿಸಿದವರು ಕರ್ನಲ್ ಕ್ವಿಲನ್. ನಮ್ಮಮ್ಮ ಸಾಯುವವರೆಗೂ ಹ್ಯೂ ಹೆಸರು ಎತ್ತಲಿಲ್ಲ. ಪ್ರಾರ್ಥನೆಯಲ್ಲೂ ಎತ್ತಲಿಲ್ಲ.

"ಪಾಪ ಡೆನ್ನಿ," ಅಂದರು ಕರ್ನಲ್. "ಪೆರುವಿನಿಂದ ಬಂದ ಮೇಲೆ ಒಂದ್ಸಲಾನೂ ಹೋಗಿ ನೋಡೋಕಾಗ್ಲಿಲ್ಲ. ಕಳ್ಳ ಸಿಕ್ಕಿದನಂತೆ?"

"ಹೌದು ಕರ್ನಲ್."

"ಬೇಗ ಮುಗಿಸಿಬಿಡು ಮ್ಯಾಟಿ. ಹಡಗು ಹತ್ತೋ ಮೊದಲು ನೆಮ್ಮದಿಯಾಗುತ್ತೆ."

* * *

ಮರುದಿನ ಸಂಜೆ ಗ್ಯಾರಿಟಿಯಮ್ಮನ ನಡುಮನೆಯಲ್ಲಿ ಹೆಣ ಕಾಯುವ ಶಾಸ್ತ್ರ. ಇಡೀ ಕೇರಿ ಸೇರಿತ್ತು. ಡೆನ್ನಿ ಶುಭ್ರ ಅಂಗಿ ತೊಟ್ಟು ಹಲಗೆಯ ಮೇಲೆ ಮಲಗಿದ್ದ. ಬಂದವರೆಲ್ಲ ಮಂಡಿಯೂರಿ, ಅವನ ಕೈ ಮುಟ್ಟಿ, ಆಮೇಲೆ ಮಣ್ಣಿನ ಪೈಪು ಹಚ್ಚಿ ವಿಸ್ಕಿ ಹೀರುತ್ತಿದ್ದರು.

"ಇಷ್ಟು ವಿಸ್ಕಿ ಅವನು ಬದುಕಿದ್ದಾಗ ಯಾರಿಗಾದ್ರೂ ಕುಡಿಸಿದ್ನಾ?" ಅಂದ ಒಬ್ಬ ಮುದುಕ.

"ನಿಂಗೆ ಕುಡಿಸ್ಬೇಕಾಗುತ್ತೆ ಅಂತ್ಲೇ ಸತ್ತಿದಾನೆ ಬಿಡು!"

ಎಲ್ಲರೂ ನಕ್ಕರು. ಗ್ಯಾರಿಟಿಯಮ್ಮ ತಂಬಾಕಿನ ತಟ್ಟೆ ಹಿಡಿದು ನನ್ನ ಹತ್ತಿರ ಬಂದಳು.

"ಅಲ್ಲಯ್ಯಾ ಟೂಹಿ, ಆ ಮೂಕಪ್ರಾಣೀನ ಬುಟ್ಟಿ ಕೆಳಗೆ ಕವುಚಿದ್ಯಲ್ಲ! ಎಂಥ ಊರಯ್ಯ ನಿಮ್ದು? ನಮ್ಮ ಮೇಯೋ ಕಡೆ ಬೆಕ್ಕನ್ನ ಹೊರಗೆ ಅಟ್ತೀವಿ."

"ನಾನಲ್ಲ. ನೀವೇ ಅಲ್ವಾ?"

"ನಾನ್ಯಾಕೆ ಹಾಕ್ಲಿ? ನಾನು ಆ ಕೋಣೆ ಹೊಸಿಲೇ ದಾಟಿಲ್ಲ."

"ಹಾಗಾದ್ರೆ ಕನ್ನಡಿ ಮೇಲಿನ ಕೋಟು?"

"ಅದೂ ನೀನೇ ಅಂದ್ಕೊಂಡಿದ್ದೆ."

ಕೈಯಲ್ಲಿದ್ದ ಪೈಪು ಜಾರಿ ಒಡೆಯಿತು. ನಾನು ಬರುವ ಮೊದಲೇ ಯಾರೋ ಕನ್ನಡಿ ಮುಚ್ಚಿ, ಸಾವಿನ ಶಾಸ್ತ್ರ ಮಾಡಿ ಮುಗಿಸಿದ್ದರು. ಹಾಗಿದ್ದರೆ ಕಿಟಕಿ? ಕಳ್ಳ ಕಿಟಕಿ ತೆಗೆಯುವುದು ಒಳಗೆ ಬರುವುದಕ್ಕೆ. ನಮ್ಮವರು ತೆಗೆಯುವುದು ಸತ್ತವನ ಜೀವ ಹೊರಗೆ ಹೋಗಲಿ ಅಂತ. ಆ ಕಿಟಕಿ ಒಳಗಿನಿಂದ ತೆರೆದದ್ದು.

ಬೆಕ್ಕು ಹೆಣ ದಾಟಬಾರದು ಅಂತ ಐರಿಷ್ ಮಂದಿಯೆಲ್ಲ ಒಪ್ಪುತ್ತಾರೆ. ಅದನ್ನು ಹೊರಗೆ ಬಿಟ್ಟರೆ ಸಾವು ಇನ್ನೊಂದು ಮನೆಗೆ ಹೋಗುತ್ತದೆ, ಬುಟ್ಟಿ ಕವುಚಿ ಮೇಲೆ ಸತ್ತವನ ಬೂಟು ಇಡಬೇಕು ಅನ್ನುವುದು ಮಾತ್ರ ಒಂದೇ ಊರಿನ ರೂಢಿ. ಅದು ಕಿಲ್‌ಬ್ರಾಹ.

ಸೇಂಟ್ ಲೂಯಿಸಿನಲ್ಲಿ ಕಿಲ್‌ಬ್ರಾಹದವರು ಇಬ್ಬರೇ. ನಾನಂತೂ ಡೆನ್ನಿಯನ್ನು ಕೊಂದಿರಲಿಲ್ಲ.

ಸುಳ್ಳಾಗಲಿ, ಸುಳ್ಳಾಗಲಿ ಅಂತ ಬೇಡಿಕೊಂಡೆ. ಅಷ್ಟರಲ್ಲಿ ಜನ ಎದ್ದು ನಿಂತರು. ಕರ್ನಲ್ ಬಂದಿದ್ದರು.

* * *

ಅವರನ್ನು ಮೇಲಿನ ಕೋಣೆಗೆ ಕರೆದುಕೊಂಡು ಹೋದೆ. ಬಾಗಿಲು ಹಾಕಿದೆ. ಕಂಡದ್ದನ್ನೆಲ್ಲ ಒಂದೊಂದಾಗಿ ಹೇಳಿದೆ. ಅವರು ಕೋರ್ಟಿನಲ್ಲಿ ಕೇಳುವ ಹಾಗೆ ತಲೆ ವಾಲಿಸಿ ಕೇಳಿದರು.

"ಬೆಕ್ಕಿನ ಸಾಕ್ಷಿ ತಗೊಂಡು ಜಡ್ಜ್ ಮುಂದೆ ನಿಲ್ತೀಯಾ ಮ್ಯಾಟಿ? ಹತ್ತು ನಿಮಿಷ ಸಾಕು ನಂಗೆ, ಕೋರ್ಟೆಲ್ಲ ನಗೋ ಹಾಗೆ ಮಾಡ್ತೀನಿ."

"ಮಾಡ್ತೀರ. ಗೊತ್ತು. ಡೆನ್ನಿ ನನ್ನ ಹತ್ರ ಹ್ಯೂ ಬಗ್ಗೆ ಏನು ಹೇಳೋನಿದ್ದ?"

ಅವರು ಕಿಟಕಿಯ ಕಡೆ ತಿರುಗಿದರು.

"ಕರ್ನಲ್, ಆ ರಾತ್ರಿ ನಮ್ಮಣ್ಣ ಎಲ್ಲಿದ್ದ?"

ಅವರು ಮಂಚದ ಮೇಲೆ ಕುಸಿದು ಕೂತರು. "ನನ್ನ ಜೊತೆ," ಅಂದರು. "ನದಿ ಆಚೆ ಒಂದು ಮನೇಲಿ ಇಸ್ಪೀಟು, ವಿಸ್ಕಿ ಇತ್ತು. ದೋಣಿ ನಡೆಸೋಕೆ ಒಬ್ಬ ಬೇಕಿತ್ತು. ಕಾವಲಲ್ಲಿದ್ದ ಹ್ಯೂನ ನಾನೇ ಕರ್ಕೊಂಡು ಹೋದೆ. ಅವನು ಬೇಡ ಅಂದ. ಆರ್ಡರ್ ಅಂದೆ."

"ಮತ್ತೆ ಓಡಿ ಹೋದ ಅಂತ ಹೇಳಿದಿರಿ."

"ಹೇಳ್ದೇ ಇದ್ದಿದ್ರೆ ಗುಂಡು ನನ್ನ ಎದೆಗೆ ಬೀಳ್ತಿತ್ತು. ಡೆನ್ನಿಗೆ ಗೊತ್ತಿತ್ತು. ಆದ್ರೂ ಹ್ಯೂ ಓಡಿದ್ದು ಹೌದು ಅಂತ ಸಾಕ್ಷಿ ಹೇಳಿ ಸಾರ್ಜೆಂಟ್ ಪಟ್ಟಿ ಹಾಕಿಸ್ಕೊಂಡ. ಈಗ ಸಾಯೋ ಹೊತ್ತಿಗೆ ಮನಸ್ಸಾಕ್ಷಿ ಬಂತು ಅವನಿಗೆ. ನಿಂಗೆ ಹೇಳೋ ಮುಂಚೆ ನಂಗೆ ಹೇಳಿ ಕಳಿಸಿದ. ನಿಯತ್ತು ನೋಡು!" ನಗಲು ಹೋದರು, ಆಗಲಿಲ್ಲ. "ಎಷ್ಟು ಬೇಡ್ಕೊಂಡೆ ಗೊತ್ತಾ. ಕೇಳ್ಲಿಲ್ಲ. ಕೈ ತಪ್ಪಿತು. ಆಮೇಲೆ ಏನು ಮಾಡ್ತಿದೀನಿ ಅಂತ್ಲೇ ಗೊತ್ತಾಗ್ಲಿಲ್ಲ. ಕಿಟಕಿ, ಕನ್ನಡಿ, ಬೆಕ್ಕು... ನಮ್ಮಮ್ಮ ಕಲಿಸಿದ್ದು, ಕೈಯೇ ಮಾಡ್ತು."

ಹದಿನೈದು ವರ್ಷ ಈ ಮನುಷ್ಯನ ಋಣ ಅಂತ ತಲೆ ತಗ್ಗಿಸಿದ್ದೆ. ಅಣ್ಣನ ಹೆಸರು ಹೇಳಲು ನಾಚಿದ್ದೆ. ಅವರು ನಮ್ಮ ಮನೆಯ ಮಾನ ಮುಚ್ಚಲಿಲ್ಲ, ತಮ್ಮದನ್ನು ಮುಚ್ಚಿಕೊಂಡರು. ಅದಕ್ಕೆ ನನ್ನನ್ನೇ ಮುಚ್ಚಳ ಮಾಡಿಕೊಂಡರು. ಕುತ್ತಿಗೆ ಹಿಸುಕಬೇಕು ಅನ್ನಿಸಿತು. ಅಳುವೂ ಬಂತು.

"ಯೋಚನೆ ಮಾಡು," ಅಂದರು. ದನಿಯಲ್ಲಿ ರಾಯಭಾರಿ ಮರಳಿ ಬಂದಿದ್ದ. "ನಾನು ಬಿದ್ರೆ ಈ ಕೇರಿಯೇ ಬೀಳುತ್ತೆ. ಐರಿಷ್‌ನವರಿಂದ ಇಷ್ಟೇ ಅಂತಾರೆ. ಆ ಕಡೆ ಒಬ್ಬ ಯಾಂಕಿ ಕಳ್ಳ. ಅವನಿಗೋಸ್ಕರ ಅಳೋರು ಯಾರಿದಾರೆ?"

"ಹ್ಯೂಗೋಸ್ಕರಾನೂ ಯಾರೂ ಅಳ್ಲಿಲ್ಲ. ಬನ್ನಿ ಕೆಳಗೆ. ಕೊಂದಿಲ್ಲ ಅಂತ ಎಲ್ಲರ ಮುಂದೆ ಡೆನ್ನಿ ಕೈ ಮುಟ್ಟಿ ಹೇಳಿ. ಪರ್ಡಿನ ನಾನೇ ನೇಣಿಗೆ ಕಳಿಸ್ತೀನಿ."

"ದಾರಿ ಬಿಡು. ಇದು ಆರ್ಡರ್."

ಬಿಡಲಿಲ್ಲ.

* * *

ಕೆಳಗೆ ಬಂದಾಗ ನಗು ನಿಂತಿತು. ಕರ್ನಲ್ ಹೆಣದ ಪಕ್ಕ ನಿಂತರು. ನಾನು ಎಲ್ಲರಿಗೂ ಕೇಳಿಸುವ ಹಾಗೆ ಅಂದೆ: "ಮುಟ್ಟಿ ಕರ್ನಲ್. ಎಲ್ಲರೂ ಮುಟ್ಟಿದಾರೆ."

ಮಂತ್ರಿಗಳ ಜೊತೆ ಊಟ ಮಾಡಿದವರು, ಕಾನೂನು ಅರೆದು ಕುಡಿದವರು ಅವರು. ಕೈ ಚಾಚಿದರು. ಕೊಂದವನು ಮುಟ್ಟಿದರೆ ಹೆಣದಿಂದ ರಕ್ತ ಬರುತ್ತದೆ ಅಂತ ನಮ್ಮೂರಲ್ಲಿ ಹಾಲು ಕುಡಿಯುವ ಮಕ್ಕಳಿಗೂ ಹೇಳುತ್ತಾರೆ. ಕೈ ಗಾಳಿಯಲ್ಲೇ ನಿಂತಿತು. ಹಿಂದಕ್ಕೆ ಬಂತು.

ಕೊನೆಗೆ ಅವರೇ ಬಾಯಿಬಿಟ್ಟರು. ಡೆನ್ನಿಯದನ್ನೂ ಹೇಳಿದರು, ಹ್ಯೂನದನ್ನೂ ಹೇಳಿದರು. ಒಳ್ಳೆಯ ವಕೀಲ, ಒಂದು ಮಾತೂ ತೊದಲಲಿಲ್ಲ.

ಬೇಡಿ ಹಾಕಿ ಹೊರಡುವಾಗ ಗ್ಯಾರಿಟಿಯಮ್ಮ ನನ್ನ ತೋಳು ಹಿಡಿದಳು. ಅವಳ ಗಂಡನನ್ನು ಜೈಲಿನಿಂದ ಬಿಡಿಸಿದ್ದು ಕರ್ನಲ್.

"ಆ ಕಳ್ಳ ಸತ್ತಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ? ನಮ್ಮೋನನ್ನೇ ಹಿಡಿದು ಕೊಟ್ಯಲ್ಲೋ!"

ಬೇರೆಯವರು ಒಬ್ಬೊಬ್ಬರಾಗಿ ಗೋಡೆಯ ಕಡೆ ಮುಖ ತಿರುಗಿಸಿದರು. ಕರ್ನಲ್‌ಗೆ ಬೆನ್ನು ತೋರಿಸಿದರೋ ನನಗೋ ಗೊತ್ತಾಗಲಿಲ್ಲ.

ಆ ರಾತ್ರಿಯೇ ಪರ್ಡಿಯನ್ನು ಬಿಟ್ಟೆವು. ಬೆಳಿಗ್ಗೆ ನಾನು ಸ್ಮಶಾನಕ್ಕೆ ಹೋದೆ. ಅಮ್ಮನ ಗೋರಿಯ ಮೇಲಿನ ಹಿಮ ಕೈಯಿಂದ ಸರಿಸಿದೆ. "ಅಮ್ಮಾ, ಹ್ಯೂ ಓಡಿ ಹೋಗ್ಲಿಲ್ವಂತೆ" ಅಂದೆ. ಇನ್ನೊಂದು ಸಲ ಗಟ್ಟಿಯಾಗಿ ಅಂದೆ. ಕೇಳಬೇಕಾದವಳು ಮಗನನ್ನು ನಂಬದೇ ಸತ್ತಿದ್ದಳು.